ಬಿತ್ತಿದವರಿಗೆ ಬೆಳೆ ದೊರೆಯುವುದೆ?

ಕ್ಷ-ಕಿರಣಗಳ ಪಾಠವನ್ನು ಮುಗಿಸಿ ಪುಸ್ತಕವನ್ನು ಮಡಿಸುವಷ್ಟರಲ್ಲಿ ವಿದ್ಯಾರ್ಥಿಯೊಬ್ಬನು ಎದ್ದುನಿಂತು ನಮ್ಮನ್ನೊಂದು ಪ್ರಶ್ನೆ ಕೇಳಿದನು. ತಲೆಬುರುಡೆಯನ್ನು ತೆರೆಯದೆಯೇ ಮೆದುಳಿನ ಒಳಭಾಗವನ್ನು ಪದರಪದರವಾಗಿ ತೋರಿಸುವ ಸಿ.ಟಿ. ಸ್ಕ್ಯಾನರ್ ಯಂತ್ರದ ವಿಚಾರವನ್ನು ಅಂದು ಹೇಳಿದ್ದೆವು. "ದೊಡ್ಡ ಆಸ್ಪತ್ರೆಗಳಲ್ಲೆಲ್ಲ ಈ ಯಂತ್ರ ಇದೆಯಲ್ಲ ಸಾರ್, ಇದನ್ನು ಮೊದಲು ತಯಾರಿಸಿದ ಕಂಪನಿಯವರು ಕೋಟ್ಯಧೀಶರಾಗಿರಬೇಕಲ್ಲವೆ?" ಎಂಬುದು ಅವನ ಪ್ರಶ್ನೆ. ನಾವು ಕೊಟ್ಟ ಉತ್ತರವನ್ನು ಅವನು ನಂಬಲಿಲ್ಲ. ಯಂತ್ರವನ್ನು ನಿರ್ಮಿಸಿದ ಎಂಜಿನಿಯರಿಗೆ ೧೯೭೯ರಲ್ಲಿ ನೊಬೆಲ್ ಪಾರಿತೋಷಕವೇನೋ ದೊರೆಯಿತು. ಆದರೆ ಆ ವರ್ಷ ಮುಗಿಯುವ ಮುನ್ನವೇ ಅವರ ಕಂಪನಿಯು ಇನ್ನೊಬ್ಬರ ಕೈಸೇರುವುದು ನಿಶ್ಚಯವಾಗಿತ್ತು. ಯಂತ್ರದ ವ್ಯಾಪಾರವು ಪ್ರತಿಸ್ಪರ್ಧಿಗಳ ಪಾಲಾಯಿತು.

ಬಿತ್ತಿದವನೊಬ್ಬ, ಕೊಯ್ದವನು ಮತ್ತೊಬ್ಬ. ಇದು ಹೇಗಾಯಿತು? ಸಂಶೋಧನೆಗೆಂದು ಹಣವನ್ನು ಸುರಿದ ಕಾರ್ಖಾನೆಯು ಆ ಹಣವನ್ನು ಲಾಭದೊಡನೆ ಮರಳಿ ಪಡೆಯುವ ದಾರಿಗಳು ಯಾವುವು? ನಮ್ಮ ವಿಜ್ಞಾನದ ಪುಸ್ತಕಗಳು ಈ ಪ್ರಶ್ನೆಯನ್ನು ಎತ್ತುವುದಿಲ್ಲ. ಆದರೆ ಪ್ರಯೋಗಶಾಲೆಗಳ ದೀಪ ಉರಿಯುತ್ತಿರಬೇಕಾದರೆ ಎಣ್ಣೆ ಎಲ್ಲಿಂದ ಬರುತ್ತದೆ ಎಂಬುದನ್ನು ವಿಜ್ಞಾನದ ವಿದ್ಯಾರ್ಥಿಗಳು ತಿಳಿದಿರಬೇಕಾದುದು ಅಗತ್ಯ.

ಅಕ್ಕಿಯ ಮೂಟೆಯೂ ಅರಿವೂ

ಒಂದು ಮೂಟೆ ಅಕ್ಕಿಯನ್ನು ನಾವು ನಿಮಗೆ ಕೊಟ್ಟರೆ ಅದು ನಮ್ಮಲ್ಲಿ ಉಳಿಯುವುದಿಲ್ಲ. ಒಂದು ಸೂತ್ರವನ್ನು ಹೇಳಿಕೊಟ್ಟರೆ ಅದು ನಿಮ್ಮಲ್ಲಿಯೂ ಇರುತ್ತದೆ, ನಮ್ಮಲ್ಲಿಯೂ ಇರುತ್ತದೆ. ಹಂಚಿದಷ್ಟೂ ಸವೆಯದ ಈ ಗುಣವು ಗುರುವಿಗೆ ಸಂತೋಷವನ್ನು ಕೊಡುತ್ತದೆ. ವ್ಯಾಪಾರಿಗೆ ಚಿಂತೆಯನ್ನು ಕೊಡುತ್ತದೆ. ಹತ್ತು ವರ್ಷ ಹೆಣಗಾಡಿ ಕಂಡುಹಿಡಿದ ವಿಧಾನವನ್ನು ನೆರೆಯ ಕಾರ್ಖಾನೆಯವನು ಹತ್ತು ದಿನಗಳಲ್ಲಿ ನಕಲು ಮಾಡಿದರೆ, ಸಂಶೋಧನೆಯ ವೆಚ್ಚವನ್ನು ಹೊರದ ಅವನೇ ಅಗ್ಗವಾಗಿ ಮಾರಬಲ್ಲನು.

ಈ ತೊಡಕಿನ ಇನ್ನೊಂದು ಮುಖವನ್ನು ಅಮೆರಿಕದ ಅರ್ಥಶಾಸ್ತ್ರಜ್ಞ ಕೆನೆತ್ ಆ್ಯರೋ ಅವರು ೧೯೬೨ರಲ್ಲಿ ಎತ್ತಿ ತೋರಿಸಿದರು. ನಿಮ್ಮಲ್ಲೊಂದು ಹೊಸ ವಿಚಾರವಿದೆ, ಅದನ್ನು ಮಾರಬೇಕೆಂದಿದ್ದೀರಿ ಎಂದಿಟ್ಟುಕೊಳ್ಳಿ. ಕೊಳ್ಳುವವನು "ಏನದು, ಮೊದಲು ಹೇಳಿ, ಆಮೇಲೆ ಬೆಲೆ ಕಟ್ಟುತ್ತೇನೆ" ಎನ್ನುತ್ತಾನೆ. ಹೇಳದಿದ್ದರೆ ಅವನು ಕೊಳ್ಳುವುದಿಲ್ಲ. ಹೇಳಿಬಿಟ್ಟರೆ ಕೊಳ್ಳಬೇಕಾದ ಅಗತ್ಯವೇ ಅವನಿಗೆ ಉಳಿಯುವುದಿಲ್ಲ!

ಆದ್ದರಿಂದ ಹೊಸ ವಿಚಾರದ ಹೊಲಕ್ಕೆ ಬೇಲಿ ಬೇಕಾಗುತ್ತದೆ. ಕಾರ್ಖಾನೆಗಳು ಹಾಕಿಕೊಳ್ಳುವ ಬೇಲಿಗಳು ಮುಖ್ಯವಾಗಿ ನಾಲ್ಕು: ಕಾನೂನು ಕೊಡುವ ಪೇಟೆಂಟು, ಗುಟ್ಟು, ಎಲ್ಲರಿಗಿಂತ ಮೊದಲು ಪೇಟೆಗೆ ಬಂದವರಿಗೆ ದೊರೆಯುವ ಮುನ್ನಡೆ, ಮತ್ತು ತಯಾರಿಕೆ, ಮಾರಾಟ, ದುರಸ್ತಿಗಳಲ್ಲಿ ಇರುವ ಸ್ವಂತ ಸಾಮರ್ಥ್ಯ. ಒಂದೊಂದು ಬೇಲಿಯ ಬಲವನ್ನೂ ದೌರ್ಬಲ್ಯವನ್ನೂ ನಿಜವಾದ ಕಥೆಗಳಿಂದಲೇ ನೋಡೋಣ.

ವ್ಯಾಟನ ಲೆಕ್ಕ

ಉಗಿಯಂತ್ರವನ್ನು ಜೇಮ್ಸ್ ವ್ಯಾಟನು ಕಂಡುಹಿಡಿದನೆಂದು ಹಲವರು ತಿಳಿದಿದ್ದಾರೆ. ಅದು ಸರಿಯಲ್ಲ. ಅವನಿಗಿಂತ ಮುಂಚೆಯೇ ನ್ಯೂಕೊಮೆನನ ಯಂತ್ರಗಳು ಗಣಿಗಳಿಂದ ನೀರೆತ್ತುತ್ತಿದ್ದವು. ಆ ಯಂತ್ರದಲ್ಲಿ ಸಿಲಿಂಡರಿನೊಳಕ್ಕೆ ಉಗಿಯನ್ನು ತುಂಬಿ, ಅಲ್ಲಿಯೇ ತಣ್ಣೀರನ್ನು ಚಿಮುಕಿಸಿ, ಉಗಿಯನ್ನು ನೀರಾಗಿಸಿ, ನಿರ್ವಾತವನ್ನು ಉಂಟುಮಾಡುತ್ತಿದ್ದರು. ಪ್ರತಿ ಹೊಡೆತಕ್ಕೂ ಸಿಲಿಂಡರು ತಣ್ಣಗಾಗಿ, ಮತ್ತೆ ಅದನ್ನು ಕಾಯಿಸುವುದರಲ್ಲಿಯೇ ಬಹುಪಾಲು ಉಗಿ ವ್ಯರ್ಥವಾಗುತ್ತಿತ್ತು. ಉಗಿಯನ್ನು ತಂಪುಗೊಳಿಸುವುದಕ್ಕೆ ಬೇರೆಯೇ ಒಂದು ಪಾತ್ರೆಯನ್ನಿಟ್ಟರೆ ಸಿಲಿಂಡರು ಸದಾ ಬಿಸಿಯಾಗಿರಬಹುದು ಎಂಬ ಯೋಚನೆ ೧೭೬೫ರಲ್ಲಿ ವ್ಯಾಟನಿಗೆ ಹೊಳೆಯಿತು. ೧೭೬೯ರಲ್ಲಿ ಅದಕ್ಕೆ ಪೇಟೆಂಟು ದೊರೆಯಿತು.

ಪೇಟೆಂಟು ದೊರೆತ ಮಾತ್ರಕ್ಕೆ ಹಣ ಬರಲಿಲ್ಲ. ವ್ಯಾಟನಿಗೆ ಬಂಡವಾಳ ಕೊಟ್ಟಿದ್ದ ಮೊದಲ ಪಾಲುಗಾರನು ದಿವಾಳಿಯೆದ್ದನು. ಯಂತ್ರವನ್ನು ಮಾಡಿ ನಿಲ್ಲಿಸುವುದಕ್ಕೆ ನಿಖರವಾಗಿ ಕೊರೆದ ದೊಡ್ಡ ಸಿಲಿಂಡರು ಬೇಕಾಗಿತ್ತು. ಅಂಥದನ್ನು ಮಾಡಬಲ್ಲವರು ಇರಲಿಲ್ಲ. ಬರ್ಮಿಂಗ್‌ಹ್ಯಾಮ್ ಸಮೀಪದ ಸೋಹೋ ಕಾರ್ಖಾನೆಯ ಒಡೆಯ ಮ್ಯಾಥ್ಯೂ ಬೋಲ್ಟನನು ೧೭೭೫ರಲ್ಲಿ ವ್ಯಾಟನ ಪಾಲುಗಾರನಾದನು. ಫಿರಂಗಿಗಳನ್ನು ಕೊರೆಯಲು ಹೊಸ ಯಂತ್ರವನ್ನು ಮಾಡಿದ್ದ ಜಾನ್ ವಿಲ್ಕಿನ್‌ಸನನು ಸಿಲಿಂಡರುಗಳನ್ನು ಕೊರೆದುಕೊಟ್ಟನು. ಪಾರ್ಲಿಮೆಂಟು ಅದೇ ವರ್ಷ ಪೇಟೆಂಟಿನ ಅವಧಿಯನ್ನು ೧೮೦೦ರವರೆಗೆ ವಿಸ್ತರಿಸಿತು. ಹೀಗೆ ವಿಚಾರ, ಕಾನೂನು, ಬಂಡವಾಳ ಮತ್ತು ಕೈಕೆಲಸ ನಾಲ್ಕೂ ಒಂದೆಡೆ ಕೂಡಿದವು.

ಅವರು ಬೆಲೆ ಕಟ್ಟಿದ ರೀತಿಯೂ ಗಮನಾರ್ಹವಾದುದು. ಕಾರ್ನ್‌ವಾಲಿನ ಗಣಿಗಳಲ್ಲಿ, ಹಳೆಯ ಯಂತ್ರಕ್ಕೆ ಹೋಲಿಸಿದರೆ ಉಳಿತಾಯವಾದ ಕಲ್ಲಿದ್ದಲಿನ ಬೆಲೆಯಲ್ಲಿ ಮೂರನೆಯ ಒಂದು ಪಾಲನ್ನು ತಮಗೆ ಕೊಡಬೇಕೆಂದು ಅವರು ಕರಾರು ಮಾಡಿಕೊಂಡರು. ಹಳೆಯ ಯಂತ್ರಕ್ಕೆ ೯೦ ಬುಟ್ಟಿ ಕಲ್ಲಿದ್ದಲು ಬೇಕಾಗುವಲ್ಲಿ ಹೊಸದಕ್ಕೆ ೩೦ ಸಾಕಾಯಿತೆಂದು ಭಾವಿಸೋಣ. ಉಳಿದುದು ೬೦ ಬುಟ್ಟಿ. ಅದರಲ್ಲಿ ೨೦ರ ಬೆಲೆ ವ್ಯಾಟ್-ಬೋಲ್ಟನರಿಗೆ, ೪೦ರ ಬೆಲೆ ಗಣಿಯವನಿಗೆ. ಯಂತ್ರ ಎಷ್ಟು ಹೊಡೆತ ಹೊಡೆಯಿತೆಂದು ತಿಳಿಯುವುದಕ್ಕೆ ಬೀಗ ಹಾಕಿದ ಪೆಟ್ಟಿಗೆಯೊಳಗೆ ಎಣಿಕೆಯ ಉಪಕರಣವನ್ನು ಅಳವಡಿಸಿದರು. ತಾನು ಉಂಟುಮಾಡಿದ ಲಾಭವನ್ನು ಅಳೆದು ಅದರಲ್ಲಿ ಪಾಲು ಕೇಳುವ ಈ ಉಪಾಯವು ಭೌತವಿಜ್ಞಾನಿಗೆ ತಕ್ಕದ್ದೇ ಆಗಿತ್ತು.

ಆದರೆ ಗಣಿಯವರು ಈ ಪಾಲನ್ನು ಕೊಡಲು ವರ್ಷವರ್ಷವೂ ಗೊಣಗಿದರು. ಬೇರೆಯವರು ಸುಧಾರಿಸಿದ ಯಂತ್ರಗಳನ್ನು ಕಟ್ಟಲು ಹೊರಟಾಗ ಪೇಟೆಂಟಿನ ದಾವೆಗಳು ಅಡ್ಡಬಂದವು. ೧೮೦೦ರಲ್ಲಿ ಅವಧಿ ಮುಗಿಯಿತು. ೧೮೧೧ರಿಂದ ಕಾರ್ನ್‌ವಾಲಿನ ಎಂಜಿನಿಯರುಗಳು ತಮ್ಮ ಯಂತ್ರಗಳ ಕಾರ್ಯಸಾಮರ್ಥ್ಯವನ್ನು ತಿಂಗಳುತಿಂಗಳೂ ಅಚ್ಚು ಹಾಕಿಸಿ ಎಲ್ಲರಿಗೂ ತಿಳಿಸತೊಡಗಿದರು. ಮುಂದಿನ ದಶಕಗಳಲ್ಲಿ ಆ ಯಂತ್ರಗಳು ಬಹಳವಾಗಿ ಸುಧಾರಿಸಿದವು. ಬೇಲಿಯು ಬೆಳೆಯನ್ನು ಕಾಯುತ್ತದೆ ಎಂಬುದು ಎಷ್ಟು ನಿಜವೋ, ನೆರೆಯ ಹೊಲದ ದಾರಿಯನ್ನು ಅದೇ ಕಟ್ಟಿಬಿಡಬಹುದು ಎಂಬುದೂ ಅಷ್ಟೇ ನಿಜ.

ಬೆರಳಿನ ಮೇಲಿನ ಗುಟ್ಟು

ಪೇಟೆಂಟು ಪಡೆಯುವವನು ತನ್ನ ವಿಧಾನವನ್ನು ಬಿಡಿಸಿ ಬರೆದು ಸರ್ಕಾರಕ್ಕೆ ಒಪ್ಪಿಸಬೇಕು, ಅದು ಪ್ರಕಟವಾಗುತ್ತದೆ. ಅದಕ್ಕೆ ಪ್ರತಿಫಲವಾಗಿ ನಿರ್ದಿಷ್ಟ ಕಾಲ, ಇಂದಿನ ಭಾರತದ ಕಾನೂನಿನಲ್ಲಿ ಅರ್ಜಿ ಹಾಕಿದಂದಿನಿಂದ ೨೦ ವರ್ಷ, ಇತರರು ಅದನ್ನು ಬಳಸದಂತೆ ರಕ್ಷಣೆ ದೊರೆಯುತ್ತದೆ. ಪ್ರಕಟಿಸುವುದೇ ಬೇಡ, ಗುಟ್ಟಾಗಿ ಇಟ್ಟುಕೊಳ್ಳುತ್ತೇವೆ ಎನ್ನುವವರೂ ಉಂಟು. ಇದಕ್ಕೆ ಉದಾಹರಣೆಯನ್ನು ನಾವು ದೂರ ಹುಡುಕಬೇಕಾಗಿಲ್ಲ.

ಚುನಾವಣೆಯಲ್ಲಿ ಮತ ಹಾಕಿದವರ ಎಡಗೈ ತೋರುಬೆರಳಿಗೆ ಹಚ್ಚುವ ಅಳಿಸಲಾಗದ ಶಾಯಿಯನ್ನು ನೀವೆಲ್ಲರೂ ನೋಡಿದ್ದೀರಿ. ಇದರ ಸೂತ್ರವನ್ನು ಸಿದ್ಧಪಡಿಸಿದ್ದು ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಶಾಲೆ. ಮೈಸೂರಿನ ಬಣ್ಣ ಮತ್ತು ಅರಗು ಕಾರ್ಖಾನೆಯು ೧೯೬೨ರ ಸಾರ್ವತ್ರಿಕ ಚುನಾವಣೆಯಿಂದ ಮೊದಲ್ಗೊಂಡು ಅದನ್ನು ತಯಾರಿಸುತ್ತಿದೆ. ನಾಲ್ವಡಿ ಕೃಷ್ಣರಾಜ ಒಡೆಯರು ೧೯೩೭ರಲ್ಲಿ ಸ್ಥಾಪಿಸಿದ ಈ ಕಾರ್ಖಾನೆಯು ಈಗ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್ ಎಂಬ ಹೆಸರಿನ ಸರ್ಕಾರಿ ಸಂಸ್ಥೆಯಾಗಿದೆ. ಶಾಯಿಯಲ್ಲಿ ಸಿಲ್ವರ್ ನೈಟ್ರೇಟ್ ಇದೆಯೆಂಬುದು ಎಲ್ಲರಿಗೂ ತಿಳಿದ ವಿಷಯ. ಅದು ಚರ್ಮದ ಉಪ್ಪಿನ ಅಂಶದೊಡನೆ ಸೇರಿ ನೀರಿನಲ್ಲಿ ಕರಗದ ಸಿಲ್ವರ್ ಕ್ಲೋರೈಡ್ ಆಗುತ್ತದೆ. ಬೆಳಕು ತಾಗಿದಾಗ ಬೆಳ್ಳಿಯ ಸೂಕ್ಷ್ಮಕಣಗಳು ಹೊರಬಿದ್ದು ಕಪ್ಪಾಗುತ್ತದೆ. ಚರ್ಮದ ಮೇಲ್ಪದರ ಉದುರಿ, ಉಗುರು ಬೆಳೆದು ಮುಂದೆ ಸರಿಯುವವರೆಗೂ ಕಲೆ ಹೋಗದು. ಇಷ್ಟು ರಸಾಯನವಿಜ್ಞಾನ ಪಠ್ಯಪುಸ್ತಕದಲ್ಲಿಯೇ ಇದೆ. ಆದರೆ ಯಾವ ಯಾವ ಪದಾರ್ಥವನ್ನು ಎಷ್ಟೆಷ್ಟು ಸೇರಿಸಬೇಕೆಂಬ ಪೂರ್ಣ ಸೂತ್ರವನ್ನು ಮಾತ್ರ ಗುಟ್ಟಾಗಿಯೇ ಇಡಲಾಗಿದೆ. ಶಾಯಿಯನ್ನು ಹಲವು ಹೊರದೇಶಗಳಿಗೂ ಮೈಸೂರಿನಿಂದ ಕಳುಹಿಸುತ್ತಾರೆ.

ಗುಟ್ಟಿಗೆ ಅವಧಿಯ ಮಿತಿಯಿಲ್ಲ. ಅದು ಅದರ ಬಲ. ಒಮ್ಮೆ ಹೊರಬಿದ್ದರೆ ಮರಳಿ ಹಿಡಿಯಲಾಗದು. ಅದು ಅದರ ದೌರ್ಬಲ್ಯ. ಬಿಚ್ಚಿ ನೋಡಿದರೆ ಅರ್ಥವಾಗುವ ಯಂತ್ರಕ್ಕೆ ಈ ಬೇಲಿ ಒದಗದು. ಪದಾರ್ಥವನ್ನು ನೋಡಿದರೂ ಅದನ್ನು ಮಾಡುವ ಬಗೆ ತಿಳಿಯದಿದ್ದಾಗ ಮಾತ್ರ ಅದು ನಿಲ್ಲುತ್ತದೆ.

ತವರದ ಮೇಲೆ ತೇಲಿದ ಗಾಜು

ಪೇಟೆಂಟನ್ನೂ ಗುಟ್ಟನ್ನೂ ಜೊತೆಯಾಗಿ ಹೆಣೆದು ಗೆದ್ದವರ ಕಥೆ ಇಂಗ್ಲೆಂಡಿನ ಸೇಂಟ್ ಹೆಲೆನ್ಸ್ ಊರಿನ ಪಿಲ್ಕಿಂಗ್ಟನ್ ಗಾಜಿನ ಸಂಸ್ಥೆಯದು. ಅಂಗಡಿಯ ಮುಂಭಾಗಕ್ಕೂ ಕನ್ನಡಿಗೂ ಬೇಕಾಗುವ ಸಮತಟ್ಟಾದ ಗಾಜನ್ನು ಮಾಡಲು ಹಿಂದೆ ಎರಕದ ಗಾಜಿನ ಎರಡೂ ಮುಖಗಳನ್ನು ಉಜ್ಜಿ ನಯಗೊಳಿಸಬೇಕಾಗಿತ್ತು. ಇದು ಬಹಳ ದುಬಾರಿಯ ಕೆಲಸ. ಕರಗಿದ ಗಾಜನ್ನು ಕರಗಿದ ಲೋಹದ ಮೇಲೆ ತೇಲಿಸಿದರೆ ಹೇಗೆ ಎಂದು ೧೯೫೨ರಲ್ಲಿ ಅಲಾಸ್ಟೇರ್ ಪಿಲ್ಕಿಂಗ್ಟನ್ ಎಂಬ ಎಂಜಿನಿಯರು ಯೋಚಿಸಿದರು.

ಆರಿಸಿದ ಲೋಹ ತವರ. ಅದು ೨೩೨ ಡಿಗ್ರಿ ಸೆಲ್ಸಿಯಸ್‌ನಲ್ಲಿಯೇ ಕರಗುತ್ತದೆ. ಗಾಜು ತವರದ ಮೇಲಕ್ಕೆ ಬರುವ ಸುಮಾರು ೧೦೦೦ ಡಿಗ್ರಿಯಲ್ಲಿಯೂ ಕುದಿಯುವುದಿಲ್ಲ. ಗಾಜಿಗಿಂತ ಭಾರವಾದುದರಿಂದ ಗಾಜು ಅದರ ಮೇಲೆ ತೇಲುತ್ತದೆ. ಸುಮಾರು ೬೦೦ ಡಿಗ್ರಿಗೆ ಇಳಿಯುವಷ್ಟರಲ್ಲಿ ಗಾಜು ಗಟ್ಟಿಯಾಗಿರುತ್ತದೆ, ತವರ ಇನ್ನೂ ದ್ರವವಾಗಿಯೇ ಇರುತ್ತದೆ. ತವರಕ್ಕೆ ಗಾಳಿಯ ಆಮ್ಲಜನಕ ತಾಗದಂತೆ ಮೇಲೆ ಸಾರಜನಕ ಮತ್ತು ಜಲಜನಕಗಳ ಮಿಶ್ರಣವನ್ನು ತುಂಬುತ್ತಾರೆ. ಗುರುತ್ವವು ಗಾಜನ್ನು ಹರಡಲು ಎಳೆಯುತ್ತದೆ, ಮೇಲ್ಮೈ ಕರ್ಷಣವು ಕೂಡಿಹಿಡಿಯಲು ಎಳೆಯುತ್ತದೆ. ಎರಡೂ ಸಮತೂಕವಾದಾಗ ಗಾಜಿನ ದಪ್ಪ ಸುಮಾರು ೭ ಮಿಲಿಮೀಟರಿಗೆ ತಾನಾಗಿಯೇ ನಿಲ್ಲುತ್ತದೆ. ಅಂದಿನ ಪೇಟೆಯಲ್ಲಿ ಹೆಚ್ಚಾಗಿ ಬೇಕಾಗಿದ್ದ ದಪ್ಪವೂ ಅದಕ್ಕೆ ಸಮೀಪವೇ ಇದ್ದುದು ಸಂಸ್ಥೆಯ ಅದೃಷ್ಟ.

ಕಾಗದದ ಮೇಲೆ ಇಷ್ಟು ಸುಲಭವಾದ ಈ ವಿಚಾರವು ಕೈಗೂಡಲು ಏಳು ವರ್ಷಗಳೂ ಸುಮಾರು ೭೦ ಲಕ್ಷ ಪೌಂಡುಗಳೂ ಬೇಕಾದವು. ದೊಡ್ಡ ಯಂತ್ರವನ್ನು ನಿಲ್ಲಿಸಿದ ಮೇಲೂ ೧೪ ತಿಂಗಳ ಕಾಲ ಹೊರಬಂದ ಗಾಜನ್ನೆಲ್ಲ ಒಡೆದುಹಾಕಬೇಕಾಯಿತು. ಕಡೆಗೆ ೧೯೫೯ರ ಜನವರಿಯಲ್ಲಿ ಸಂಸ್ಥೆಯು ತನ್ನ ತೇಲುಗಾಜಿನ ವಿಧಾನವನ್ನು ಲೋಕಕ್ಕೆ ಪ್ರಕಟಿಸಿತು.

ಮುಂದಿನ ಹೆಜ್ಜೆಯಲ್ಲಿ ಅವರ ಜಾಣತನವಿದೆ. ಎಲ್ಲ ದೇಶಗಳಲ್ಲಿಯೂ ತಾವೇ ಕಾರ್ಖಾನೆ ಕಟ್ಟಲು ಅವರಲ್ಲಿ ಬಂಡವಾಳವಿರಲಿಲ್ಲ. ಸುಮ್ಮನಿದ್ದರೆ ಪ್ರತಿಸ್ಪರ್ಧಿಗಳು ಬೇರೆ ದಾರಿ ಹುಡುಕುವರು. ಆದ್ದರಿಂದ ಪ್ರತಿಸ್ಪರ್ಧಿಗಳಿಗೇ ಲೈಸೆನ್ಸನ್ನು ಮಾರಿದರು. ೧೯೬೨ರಲ್ಲಿ ಅಮೆರಿಕದ ಪಿಟ್ಸ್‌ಬರ್ಗ್ ಪ್ಲೇಟ್ ಗ್ಲಾಸ್ ಸಂಸ್ಥೆ ಮೊದಲು ಕೊಂಡಿತು. ಬಳಿಕ ಉಳಿದವರೂ ಕೊಂಡರು. ಪೇಟೆಂಟಿನ ಕಾಗದವನ್ನು ಓದಿದ ಮಾತ್ರಕ್ಕೆ ಗಾಜು ಬಾರದು. ಕೈತಪ್ಪುಗಳಿಂದ ಕಲಿತ ಅನುಭವವೂ ಬೇಕು. ಆ ಅನುಭವಕ್ಕೂ ಸೇರಿಸಿಯೇ ಸಂಸ್ಥೆಯು ರಾಯಧನವನ್ನು ಪಡೆಯಿತು. ಹೀಗೆ ಪೈಪೋಟಿಗಾರರ ಕುಲುಮೆಗಳೂ ಅದರ ಬೊಕ್ಕಸವನ್ನು ತುಂಬಿದವು. ಆದರೆ ಇಲ್ಲಿಯೂ ಒಂದು ಎಲ್ಲೆ ಇತ್ತು. ಪೇಟೆಂಟಿನ ಅವಧಿ ಮುಗಿದು, ಗುಟ್ಟುಗಳೂ ಬಹುಮಟ್ಟಿಗೆ ಬಯಲಾದ ಮೇಲೂ ಲೈಸೆನ್ಸಿನ ಕಟ್ಟುಪಾಡುಗಳಿಂದ ಇತರರನ್ನು ಕಟ್ಟಿಹಾಕುತ್ತಿದೆಯೆಂದು ೧೯೯೪ರಲ್ಲಿ ಅಮೆರಿಕ ಸರ್ಕಾರವು ದಾವೆ ಹೂಡಿತು. ಸಂಸ್ಥೆ ರಾಜಿಗೆ ಒಪ್ಪಿತು.

ಹೌನ್ಸ್‌ಫೀಲ್ಡರ ಯಂತ್ರ

ಈಗ ನಮ್ಮ ವಿದ್ಯಾರ್ಥಿಯ ಪ್ರಶ್ನೆಗೆ ಬರೋಣ. ಗ್ರಾಮಾಫೋನ್ ತಟ್ಟೆಗಳಿಗೂ ಎಲೆಕ್ಟ್ರಾನಿಕ್ ಉಪಕರಣಗಳಿಗೂ ಹೆಸರಾಗಿದ್ದ ಇಂಗ್ಲೆಂಡಿನ ಇ.ಎಂ.ಐ. ಸಂಸ್ಥೆಯಲ್ಲಿ ಗಾಡ್‌ಫ್ರಿ ಹೌನ್ಸ್‌ಫೀಲ್ಡ್ ಎಂಬ ಎಂಜಿನಿಯರು ಇದ್ದರು. ಒಂದು ವಸ್ತುವಿನ ಮೂಲಕ ಎಲ್ಲ ದಿಕ್ಕುಗಳಿಂದಲೂ ಕಿರಣಗಳನ್ನು ಹಾಯಿಸಿ, ಪ್ರತಿಯೊಂದು ಕಿರಣ ಎಷ್ಟು ಕ್ಷೀಣಿಸಿತೆಂದು ಅಳೆದರೆ, ಒಳಗಿನ ಪ್ರತಿಯೊಂದು ಬಿಂದುವಿನ ಸಾಂದ್ರತೆಯನ್ನೂ ಗಣಕಯಂತ್ರದಿಂದ ಲೆಕ್ಕ ಹಾಕಬಹುದೆಂದು ೧೯೬೭ರಲ್ಲಿ ಅವರಿಗೆ ತೋರಿತು. ಇದೇ ಗಣಿತವನ್ನು ದಕ್ಷಿಣ ಆಫ್ರಿಕದಲ್ಲಿ ಹುಟ್ಟಿದ ಭೌತವಿಜ್ಞಾನಿ ಆ್ಯಲನ್ ಕಾರ್ಮ್ಯಾಕ್ ಅವರು ೧೯೬೩ ಮತ್ತು ೧೯೬೪ರಲ್ಲಿಯೇ ಪ್ರಕಟಿಸಿದ್ದರು. ಅದನ್ನು ಗಮನಿಸಿದವರು ವಿರಳ.

ಹೌನ್ಸ್‌ಫೀಲ್ಡರ ಮೊದಲ ಪ್ರಯೋಗದಲ್ಲಿ ಗ್ಯಾಮಾ ಕಿರಣಗಳ ಆಕರವು ದುರ್ಬಲವಾಗಿದ್ದುದರಿಂದ ಒಂದು ಚಿತ್ರಕ್ಕೆ ಬೇಕಾದ ಅಳತೆಗಳಿಗೆ ೯ ದಿನ ಹಿಡಿಯಿತು. ಗಣಕಯಂತ್ರವು ಲೆಕ್ಕಕ್ಕೆ ಎರಡೂವರೆ ಗಂಟೆ ತೆಗೆದುಕೊಂಡಿತು. ಕ್ಷ-ಕಿರಣದ ನಳಿಕೆಯನ್ನು ಬಳಸಿದಾಗ ೯ ದಿನಗಳು ೯ ಗಂಟೆಗೆ ಇಳಿದವು. ೧೯೭೧ರ ಅಕ್ಟೋಬರ್ ೧ರಂದು ಲಂಡನ್ನಿನ ಆ್ಯಟ್‌ಕಿನ್‌ಸನ್ ಮಾರ್ಲೆ ಆಸ್ಪತ್ರೆಯಲ್ಲಿ ಮೊದಲ ರೋಗಿಯ ಮೆದುಳನ್ನು ಯಂತ್ರ ತೋರಿಸಿತು. ಶಸ್ತ್ರಚಿಕಿತ್ಸೆಗೆ ಮುನ್ನವೇ ರೋಗದ ಸ್ಥಳ ಕಣ್ಣಿಗೆ ಕಂಡಿತು.

೧೯೭೨ರಲ್ಲಿ ಯಂತ್ರವನ್ನು ಪ್ರಕಟಪಡಿಸಿದಾಗ ವೈದ್ಯಲೋಕ ಬೆರಗಾಯಿತು. ಆಸ್ಪತ್ರೆಗಳು ಸರತಿಯಲ್ಲಿ ನಿಂತವು. ಇ.ಎಂ.ಐ.ಗೆ ಪೇಟೆಂಟುಗಳಿದ್ದವು, ಎಲ್ಲರಿಗಿಂತ ಮುಂದೆ ಓಡಿದ ಲಾಭವಿತ್ತು. ಆದರೆ ಅದಕ್ಕೆ ವೈದ್ಯಕೀಯ ಉಪಕರಣಗಳ ವ್ಯಾಪಾರ ಹೊಸದು. ಇಷ್ಟು ಜಟಿಲವಾದ ಯಂತ್ರವನ್ನು ಮಾರಿದರೆ ಸಾಲದು. ನಡೆಸುವವರಿಗೆ ಕಲಿಸಬೇಕು, ಕೆಟ್ಟರೆ ಕೂಡಲೇ ರಿಪೇರಿ ಮಾಡಬೇಕು. ಅದರ ಮುಖ್ಯ ಪೇಟೆಯೋ ಸಮುದ್ರದಾಚೆ ಅಮೆರಿಕದಲ್ಲಿತ್ತು. ಅಲ್ಲಿನ ಜನರಲ್ ಎಲೆಕ್ಟ್ರಿಕ್, ಜರ್ಮನಿಯ ಸೀಮೆನ್ಸ್ ಮೊದಲಾದ ಸಂಸ್ಥೆಗಳು ಬಹುಕಾಲದಿಂದ ಕ್ಷ-ಕಿರಣ ಯಂತ್ರಗಳನ್ನು ಮಾರುತ್ತಿದ್ದವು. ವೈದ್ಯರ ಪರಿಚಯವೂ ದುರಸ್ತಿಗಾರರ ಪಡೆಯೂ ಅವುಗಳಿಗಿತ್ತು. ಮೊದಲ ಯಂತ್ರಗಳು ಒಂದು ನೋಟಕ್ಕೆ ಸುಮಾರು ಐದು ನಿಮಿಷ ತೆಗೆದುಕೊಳ್ಳುತ್ತಿದ್ದವು. ೧೯೭೬ರ ಹೊತ್ತಿಗೆ ಜನರಲ್ ಎಲೆಕ್ಟ್ರಿಕ್ ಬೀಸಣಿಗೆಯಂತೆ ಹರಡುವ ಕಿರಣಪುಂಜವನ್ನು ಬಳಸಿ ಕೆಲವೇ ಸೆಕೆಂಡುಗಳಲ್ಲಿ ಅದನ್ನು ಮುಗಿಸುವ ಯಂತ್ರವನ್ನು ತಂದಿತು. ಅದೇ ವೇಳೆಗೆ ಅಮೆರಿಕ ಸರ್ಕಾರವು ಆಸ್ಪತ್ರೆಗಳ ವೆಚ್ಚಕ್ಕೆ ಕಡಿವಾಣ ಹಾಕಿದ್ದರಿಂದ ಬೇಡಿಕೆಯೂ ಕುಗ್ಗಿತು.

೧೯೭೯ರ ಅಕ್ಟೋಬರಿನಲ್ಲಿ ಹೌನ್ಸ್‌ಫೀಲ್ಡ್ ಮತ್ತು ಕಾರ್ಮ್ಯಾಕರಿಗೆ ನೊಬೆಲ್ ಪಾರಿತೋಷಕ ಘೋಷಿತವಾಯಿತು. ಅದೇ ವರ್ಷದ ಕೊನೆಯಲ್ಲಿ, ನಷ್ಟದಲ್ಲಿದ್ದ ಇ.ಎಂ.ಐ.ಯನ್ನು ಥಾರ್ನ್ ಸಂಸ್ಥೆ ಕೊಂಡುಕೊಂಡಿತು. ಸ್ಕ್ಯಾನರ್ ವ್ಯಾಪಾರದ ದೊಡ್ಡ ಭಾಗವನ್ನು ಬಳಿಕ ಜನರಲ್ ಎಲೆಕ್ಟ್ರಿಕ್‌ಗೇ ಮಾರಲಾಯಿತು.

ಇದನ್ನು ಉದಾಹರಣೆಯಾಗಿಟ್ಟುಕೊಂಡು ೧೯೮೬ರಲ್ಲಿ ಡೇವಿಡ್ ಟೀಸ್ ಎಂಬ ವಿದ್ವಾಂಸರು ಒಂದು ತತ್ತ್ವವನ್ನು ಪ್ರತಿಪಾದಿಸಿದರು. ನಕಲು ಮಾಡುವುದು ಸುಲಭವಾದಾಗ, ಲಾಭವು ವಿಚಾರವನ್ನು ಹೊಳೆಯಿಸಿಕೊಂಡವನಿಗಿಂತಲೂ ಅದಕ್ಕೆ ಪೂರಕವಾದ ಕಾರ್ಖಾನೆ, ಮಾರಾಟ, ಸೇವೆಗಳು ಯಾರ ಕೈಯಲ್ಲಿವೆಯೋ ಅವರತ್ತ ಹರಿಯುತ್ತದೆ. ವ್ಯಾಟನಿಗೆ ಬೋಲ್ಟನನಿದ್ದನು, ಹೌನ್ಸ್‌ಫೀಲ್ಡರ ಸಂಸ್ಥೆಗೆ ಅಂಥ ಜೊತೆಗಾರರು ಸಕಾಲದಲ್ಲಿ ಒದಗಲಿಲ್ಲ.

ಕಾರ್ಖಾನೆಗಳವರ ಮಾತು

ಇವೆಲ್ಲ ಬಿಡಿ ಕಥೆಗಳಾದವು. ಸಾಮಾನ್ಯವಾಗಿ ಏನು ನಡೆಯುತ್ತದೆ? ೧೯೯೪ರಲ್ಲಿ ಅಮೆರಿಕದ ತಯಾರಿಕಾ ಸಂಸ್ಥೆಗಳ ೧೪೭೮ ಸಂಶೋಧನಾಲಯಗಳ ಮುಖ್ಯಸ್ಥರನ್ನು ಈ ಪ್ರಶ್ನೆ ಕೇಳಲಾಯಿತು. ವೆಸ್ಲಿ ಕೋಹೆನ್ ಮತ್ತು ಸಂಗಡಿಗರು ೨೦೦೦ದಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಹೆಚ್ಚಿನ ಉದ್ಯಮಗಳಲ್ಲಿ ಗುಟ್ಟಿಗೂ ಮುನ್ನಡೆಗೂ ಮೊದಲ ಸ್ಥಾನ. ಪೇಟೆಂಟಿಗೆ ಬಹುತೇಕ ಕಡೆಯ ಸ್ಥಾನ! ಔಷಧಗಳಂಥ ಕೆಲವು ಉದ್ಯಮಗಳಲ್ಲಿ ಮಾತ್ರ ಪೇಟೆಂಟು ಬಲವಾದ ಬೇಲಿ. ಒಂದು ಔಷಧವೆಂದರೆ ಒಂದು ಅಣು. ಅದನ್ನು ಖಚಿತವಾಗಿ ಬರೆದು ಹಕ್ಕು ಸ್ಥಾಪಿಸಬಹುದು. ಎಲೆಕ್ಟ್ರಾನಿಕ್ ಯಂತ್ರವೊಂದರಲ್ಲಿ ನೂರಾರು ಪೇಟೆಂಟುಗಳು ಹಲವರ ಕೈಯಲ್ಲಿ ಹಂಚಿಹೋಗಿರುತ್ತವೆ. ಹಾಗಾದರೆ ಸಂಸ್ಥೆಗಳು ಪೇಟೆಂಟು ಪಡೆಯುವುದೇಕೆ? ಪ್ರತಿಸ್ಪರ್ಧಿಯ ದಾರಿಯನ್ನು ಕಟ್ಟುವುದಕ್ಕೆ, ಚೌಕಾಸಿಗೆ, ತಮ್ಮ ಮೇಲೆ ದಾವೆ ಬಾರದಂತೆ ನೋಡಿಕೊಳ್ಳುವುದಕ್ಕೆ ಎಂಬ ಉತ್ತರಗಳೂ ಬಂದವು.

ಊರಿಗೆ ಸಲ್ಲುವ ಪಾಲು

ಹೊಲದೊಡೆಯನಿಗೆ ಬೆಳೆಯೆಲ್ಲ ದೊರೆಯಲೇಬೇಕೆ? ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ೧೯೪೭ರಲ್ಲಿ ಹುಟ್ಟಿದ ಟ್ರಾನ್ಸಿಸ್ಟರನ್ನು ನೋಡಿ. ಸಂಸ್ಥೆಯು ೧೯೫೨ರಲ್ಲಿ ೨೫,೦೦೦ ಡಾಲರು ಮುಂಗಡ ಕೊಟ್ಟವರಿಗೆ ಅದರ ವಿದ್ಯೆಯನ್ನು ಹೇಳಿಕೊಟ್ಟಿತು. ೧೯೫೬ರ ನ್ಯಾಯಾಲಯದ ಒಪ್ಪಂದದ ಮೇರೆಗೆ ಅದುವರೆಗಿನ ಪೇಟೆಂಟುಗಳನ್ನು ರಾಯಧನವಿಲ್ಲದೆ ಬಿಟ್ಟುಕೊಡಬೇಕಾಯಿತು. ಲೈಸೆನ್ಸು ಪಡೆದವರಲ್ಲಿ, ಮುಂದೆ ಸೋನಿ ಎಂದು ಹೆಸರಾದ ಜಪಾನಿನ ಚಿಕ್ಕ ಸಂಸ್ಥೆಯೂ ಒಂದು. ಅದು ೧೯೫೫ರಲ್ಲಿ ಟ್ರಾನ್ಸಿಸ್ಟರ್ ರೇಡಿಯೋ ಮಾರಿತು. ಬೇಲಿ ತಗ್ಗಾಗಿದ್ದುದರಿಂದಲೇ ಆ ಬೀಜವು ಲೋಕದ ತುಂಬ ಹರಡಿತು.

ಅರ್ಥಶಾಸ್ತ್ರಜ್ಞ ವಿಲಿಯಂ ನಾರ್ಡ್‌ಹೌಸ್ ಅವರು ೧೯೪೮ರಿಂದ ೨೦೦೧ರವರೆಗಿನ ಅಮೆರಿಕದ ಲೆಕ್ಕಗಳನ್ನು ಪರಿಶೀಲಿಸಿ, ಹೊಸ ತಂತ್ರವಿದ್ಯೆಯಿಂದ ಸಮಾಜಕ್ಕಾದ ಒಟ್ಟು ಲಾಭದಲ್ಲಿ ಅದನ್ನು ತಂದವರ ಕೈಗೆ ಉಳಿದುದು ಶೇಕಡ ೨.೨ರಷ್ಟು ಮಾತ್ರವೆಂದು ಅಂದಾಜು ಮಾಡಿದ್ದಾರೆ. ನೂರು ರೂಪಾಯಿಯಲ್ಲಿ ಎರಡು ರೂಪಾಯಿ ಚಿಲ್ಲರೆ! ಉಳಿದುದೆಲ್ಲ ಬಳಸುವವರಿಗೆ, ಎಂದರೆ ನಮಗೆ, ನಿಮಗೆ.

ಈ ಪಾಲನ್ನು ಎಷ್ಟಕ್ಕೆ ನಿಲ್ಲಿಸಬೇಕೆಂಬುದು ದೇಶದೇಶಗಳ ಕಾನೂನಿನ ಪ್ರಶ್ನೆ. ಭಾರತದ ೧೯೭೦ರ ಪೇಟೆಂಟ್ ಅಧಿನಿಯಮವು ಔಷಧವೆಂಬ ವಸ್ತುವಿಗೆ ಪೇಟೆಂಟು ಕೊಡಲಿಲ್ಲ. ತಯಾರಿಸುವ ವಿಧಾನಕ್ಕೆ ಮಾತ್ರ ಕೊಟ್ಟಿತು. ನಮ್ಮ ಕಾರ್ಖಾನೆಗಳು ಬೇರೆ ವಿಧಾನಗಳಿಂದ ಅದೇ ಔಷಧವನ್ನು ಮಾಡಿ ಅಗ್ಗವಾಗಿ ಮಾರಿದವು. ವಿಶ್ವ ವ್ಯಾಪಾರ ಸಂಸ್ಥೆಯ ಒಪ್ಪಂದದ ಪ್ರಕಾರ ೨೦೦೫ರಲ್ಲಿ ವಸ್ತುವಿಗೂ ಪೇಟೆಂಟು ಬಂದಿತು. ಬೇಲಿಯೇ ಇಲ್ಲದಿದ್ದರೆ ಬಿತ್ತುವವರಿಲ್ಲ. ಬೇಲಿಯೇ ಎದ್ದು ಹೊಲ ಮೇಯ್ದರೆ ಉಣ್ಣುವವರಿಗೆ ಇಲ್ಲ. ಈ ಎರಡರ ನಡುವಣ ಹದವನ್ನು ಹುಡುಕುವುದು ಇನ್ನೂ ಮುಗಿದಿಲ್ಲ.

ಆ ವಿದ್ಯಾರ್ಥಿಗೆ ನಾವು ಕೊನೆಯಲ್ಲಿ ಹೇಳಿದ್ದು ಇಷ್ಟು. ಇ.ಎಂ.ಐ. ಸೋತಿತು, ಹೌನ್ಸ್‌ಫೀಲ್ಡರ ವಿಚಾರ ಸೋಲಲಿಲ್ಲ. ಇಂದಿಗೂ ಅದು ದಿನದಿನವೂ ಜೀವಗಳನ್ನು ಉಳಿಸುತ್ತಿದೆ. ಆದರೆ ಬಿತ್ತಿದವರೆಲ್ಲರೂ ಹೀಗೆಯೇ ಸೋಲುತ್ತ ಹೋದರೆ ಮುಂದಿನ ಹೌನ್ಸ್‌ಫೀಲ್ಡನಿಗೆ ಪ್ರಯೋಗಶಾಲೆಯನ್ನು ಕಟ್ಟಿಕೊಡುವವರು ಯಾರು? ನಾಳೆ ನೀವು ಯಾವುದಾದರೂ ಕಾರ್ಖಾನೆಯ ಸಂಶೋಧನಾಲಯವನ್ನು ಸೇರಬಹುದು. ಆಗ ನಿಮ್ಮ ಮೇಜಿನ ಮೇಲೆ ಹೊಳೆದ ವಿಚಾರಕ್ಕೆ ಎಷ್ಟು ಗಮನ ಕೊಡುವಿರೋ, ಅದನ್ನು ಕೊರೆಯುವ ವಿಲ್ಕಿನ್‌ಸನನಿಗೂ, ಮಾರುವ ಬೋಲ್ಟನನಿಗೂ, ಕೆಟ್ಟಾಗ ಓಡಿಬಂದು ಸರಿಪಡಿಸುವ ಹೆಸರಿಲ್ಲದ ಕುಶಲಕರ್ಮಿಗೂ ಅಷ್ಟೇ ಗಮನ ಕೊಡಿರಿ. ಬೀಜ ಒಳ್ಳೆಯದಾದರೆ ಸಾಲದು. ಕೊಯ್ಲಿನ ದಿನಕ್ಕೆ ಕಣವೂ ಗಾಡಿಯೂ ಸಿದ್ಧವಾಗಿರಬೇಕು.